ಬೆಳಕಿರುವಾಗ ಒಂದು ದಿನ

ಪ್ರವಾಸ ಹೊರಡುವುದೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಬುತ್ತಿ. ಆಮೇಲೆ ಹಾಲಿನವನಿಗೆ ಹೇಳುವುದು, ನೀರು ಹಿಡಿದಿಡುವುದು, ಮನೆಯಲ್ಲಿ ಉಳಿಯುವವರ ಊಟ. ನೋಡಬೇಕಾದ ಜಾಗದ ಸರದಿ ಬರುವುದು ಕೊನೆಗೆ. ಈ ಸಲ ನಾನು ಅದನ್ನೇ ಮೊದಲು ಬರೆದುಕೊಂಡಿದ್ದೇನೆ. ಕಾರಣ, ನಮ್ಮ ಅಕ್ಕನ ಕಣ್ಣು.

ಅಕ್ಕನಿಗೆ ಗ್ಲಾಕೋಮಾ. ಬದಿಯ ನೋಟ ಮೊದಲು ಹೋಗುವ ಕಾಯಿಲೆ. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನವೂ ಡ್ರಾಪ್ಸ್ ಹಾಕಬೇಕು ಎಂದಿದ್ದಾರೆ ವೈದ್ಯರು. ಅಂದು ಸಂಜೆ ಅವಳು ಹೇಳಿದ್ದು ಒಂದೇ ಮಾತು: “ಶ್ರೀರಂಗಪಟ್ಟಣದ ಆ ಚಿತ್ರದ ಮಹಲು ನೋಡಬೇಕು ಕಣೇ.”

ಮಂಡ್ಯದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವಳು ಅದನ್ನು ನೋಡಿಲ್ಲವೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಮದುವೆಯಾದ ಮೇಲೆ ಅವಳು ಅಲ್ಲಿಗೆ ಹೋದದ್ದು ಮೂರೇ ಸಲ. ಅತ್ತೆ, ಮಾವ, ಕೊನೆಗೆ ಭಾವನವರು. ಮೂರು ಸಲವೂ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು, ಸ್ನಾನ ಮಾಡಿ, ನೆಟ್ಟಗೆ ಮನೆಗೆ. ನಾನಾದರೋ ಶಾಲೆಯ ಮಕ್ಕಳೊಂದಿಗೆ ಎಷ್ಟೋ ಬಾರಿ ಹೋದವಳು. ಆದರೆ ಮಕ್ಕಳ ತಲೆ ಎಣಿಸುವವರಿಗೆ ಗೋಡೆ ನೋಡಲು ಪುರಸೊತ್ತೆಲ್ಲಿ?

ಭಾನುವಾರ ಜನಜಂಗುಳಿ, ಅಕ್ಕನಿಗೆ ಬದಿಯಿಂದ ಬರುವವರು ಕಾಣುವುದಿಲ್ಲ. ಹಾಗಾಗಿ ವಾರದ ನಡುವೆ ಒಂದು ದಿನ ಸಿ.ಎಲ್. ಹಾಕಿದ್ದೇನೆ. ಬೆಳಗಿನ ರೈಲಿಗೆ ಹೋದರೆ ಒಂದು ಗಂಟೆಯೊಳಗಿನ ದಾರಿ. ನಿಲ್ದಾಣ ಕೋಟೆಗೆ ಅಂಟಿಕೊಂಡೇ ಇದೆ. ಜೋಡಿ ಹಳಿ ಹಾಕಲು ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ ಇಡಿಯಾಗಿ ಸರಿಸಿದ್ದು ಇಲ್ಲಿಯೇ. 1799ರ ಮೇ 4ರಂದು ಕೋಟೆ ಬಿದ್ದಿತು. ಒಳಗಿದ್ದ ಅರಮನೆಯಲ್ಲಿ ಈಗ ಉಳಿದಿರುವುದು ಅಡಿಪಾಯವಷ್ಟೇ. ಕಲ್ಲುಮಣ್ಣಿನಲ್ಲಿ ಅಕ್ಕನನ್ನು ನಡೆಸುವುದು ಬೇಡವೆಂದು ಅದನ್ನು ಪಟ್ಟಿಯಿಂದ ತೆಗೆದೆ. ನಿಲ್ದಾಣದಿಂದ ಆಟೋ ಹಿಡಿದು ಸೀದಾ ದರಿಯಾ ದೌಲತ್.

1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಮಹಲು ಬಹುಪಾಲು ತೇಗದ ಮರದ್ದು. ಸುತ್ತ ವಿಶಾಲವಾದ ತೋಟ. ಬಣ್ಣ ಮಾಸದಿರಲೆಂದು ಪರದೆ ಇಳಿಬಿಟ್ಟಿರುವುದರಿಂದ ಒಳಗೆ ಬೆಳಕು ಕಡಿಮೆ. ಬಿಸಿಲಿನಿಂದ ನೆರಳಿಗೆ ಬಂದಾಗ ಅಕ್ಕನ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಆದ್ದರಿಂದ ಮೊದಲು ತೋಟದ ಮರದ ನೆರಳಲ್ಲಿ ಸ್ವಲ್ಪ ಕೂರುವುದು, ಆಮೇಲೆ ಮೆಟ್ಟಿಲು.

ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ. ಸೋತ ಬ್ರಿಟಿಷ್ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಈ ಚಿತ್ರಗಳು ಕೆಟ್ಟುಹೋಗಿದ್ದವು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದಾಗ, ಹಳೆಯ ಚಿತ್ರಗಳನ್ನು ನೆನಪಿಟ್ಟಿದ್ದ ನಮ್ಮವನೇ ಒಬ್ಬ ಕಲಾವಿದ ಕುಂಚ ಹಿಡಿದನಂತೆ. ಇದನ್ನು ಹೇಳಿದಾಗ ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. “ಹಾಗಾದರೆ ನೋಡಿದ್ದು ಎಲ್ಲೂ ಹೋಗಲ್ಲ ಅನ್ನು” ಎಂದಳು.

ಅಲ್ಲಿಂದ ಗುಂಬಜ್. ಹೈದರ್, ಟಿಪ್ಪು ಮಲಗಿರುವ ಜಾಗ. ಹೊರಗಿನ ಕರಿಕಲ್ಲಿನ ಕಂಬಗಳನ್ನು ಕನ್ನಡಿಯಂತೆ ನುಣುಪು ಮಾಡಿದ್ದಾರೆ. ಅವನ್ನು ಕೈಯಿಂದಲೂ ನೋಡಬಹುದು.

ರಂಗನಾಥನ ಗುಡಿಯನ್ನು ನಾನು ಪಟ್ಟಿಯಲ್ಲಿ ಮೊದಲಿಗೇ ಬರೆದಿದ್ದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರಲ್ಲ! ಅಕ್ಕ ಒಪ್ಪಲಿಲ್ಲ. “ದೇವರು ಸಂಜೆ ಬಾಗಿಲು ತೆಗೆದ ಮೇಲೂ ಸಿಗ್ತಾನೆ. ಚಿತ್ರಕ್ಕೆ ಹೊತ್ತಿನ ಬೆಳಕು ಬೇಕು.”

ಮದುವೆಗೆ ಮುಂಚೆ ಅವಳು ದಿಂಬಿನ ಚೀಲಗಳಿಗೆಲ್ಲ ಕಸೂತಿ ಹಾಕುತ್ತಿದ್ದಳು. ಮಹಲಿನ ಒಳಗೋಡೆಯ ತುಂಬಾ ಹೂಬಳ್ಳಿ ಬರೆದಿದ್ದಾರೆಂದು ಯಾರೋ ಹೇಳಿದ್ದು ಅಂದಿನಿಂದಲೂ ಮನಸ್ಸಿನಲ್ಲಿತ್ತಂತೆ. “ಯುದ್ಧ ನೀನು ನೋಡು. ನನ್ನನ್ನು ಬಳ್ಳಿ ಹತ್ತಿರ ನಿಲ್ಲಿಸಿಬಿಡು, ಅವಸರ ಮಾಡಬೇಡ.”

ಬುತ್ತಿಯ ಮಾತೆತ್ತಿದರೆ ಅದಕ್ಕೂ ತಡೆ. “ಚಿತ್ರಾನ್ನ ಕಲಸೋ ಹೊತ್ತಿಗೆ ರೈಲು ಹೋಗಿರುತ್ತೆ. ಹೋಟೆಲಿನಲ್ಲಿ ಕೂತು ಊಟ ಮಾಡೋಣ.” ನಾನು ಪಟ್ಟಿಯಲ್ಲಿ ಬುತ್ತಿ ಹೊಡೆದುಹಾಕಿ, ಆ ಜಾಗದಲ್ಲಿ ಡ್ರಾಪ್ಸ್ ಎಂದು ಬರೆದೆ.