ಕಂಬದ ಬುಡದಲ್ಲಿ ನಮ್ಮ ಪುಟ್ಟಿ

ಮಕ್ಕಳು ಏನು ಕಲಿಯಬೇಕೆಂಬುದನ್ನು ಅವರನ್ನು ಕೇಳದೆಯೇ ಗೊತ್ತುಮಾಡಿಬಿಡುವದು ತಂದೆಯಾದವನ ಹಳೆಯ ಚಾಳಿ. ನಾನೂ ಅದಕ್ಕೆ ಹೊರತಾದವನಲ್ಲ. ನಮ್ಮ ಪುಟ್ಟಿಗೆ ಹತ್ತು ತುಂಬಿದಾಗ ಅವಳಿಗೆ ಸಂಗೀತ ಕಲಿಸಬೇಕೆಂದು ನಾನು ನಿಶ್ಚಯಿಸಿದೆ. ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ಮನೆ ಮಾಡಿದವರು ಬೇರೆ ಏನನ್ನು ತಾನೆ ಯೋಚಿಸಿಯಾರು? ಗದಗಿನ ಕಡೆಯ ಭೀಮಸೇನ ಜೋಶಿಯವರು ಇದೇ ಊರಿನಲ್ಲಿ ನೆಲೆಸಿ, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಸಂಗೀತೋತ್ಸವ ನಡೆಯಿಸಿಕೊಂಡು ಬಂದರಲ್ಲವೆ? ಆ ದಾರಿಯಲ್ಲಿ ನಮ್ಮ ಪುಟ್ಟಿಯೂ ನಾಲ್ಕು ಹೆಜ್ಜೆ ನಡೆಯಲಿ ಎಂದು ನನ್ನ ಆಸೆ.

ಆದರೆ ಪುಟ್ಟಿ ಒಂದು ಸಂಜೆ ತಾಯಿಯ ಮೊಬೈಲಿನಲ್ಲಿ ಒಂದು ನೋಟವನ್ನು ಕಂಡಳು. ಹದಿನಾರು ಹುಡುಗಿಯರು ಒಂದೇ ಬಣ್ಣದ ಉಡುಪು ತೊಟ್ಟು ಹಿಮದ ಹಾಸಿನ ಮೇಲೆ ಜಾರುತ್ತಿದ್ದಾರೆ. ಈಗ ಸಾಲು, ಮರುಗಳಿಗೆಗೆ ಸುತ್ತು, ಆಮೇಲೆ ಬಂಡಿಯ ಗಾಲಿಯಂತೆ ತಿರುಗುವ ಅರೆಕಾಲುಗಳು. ಎದುರುಬದುರಿನ ಎರಡು ಸಾಲುಗಳು ವೇಗವಾಗಿ ಬಂದು ಒಂದರೊಳಗೊಂದು ಹಾಯ್ದು ಹೋದವು. ಒಬ್ಬರ ಕೈ ಇನ್ನೊಬ್ಬರಿಗೆ ತಾಗಲಿಲ್ಲ. ಕಚೇರಿಯಿಂದ ಬಂದವನು ಬೂಟು ಕಳಚುವದನ್ನು ಮರೆತು ನಾನೂ ನೋಡುತ್ತ ನಿಂತೆ.

ಇದಕ್ಕೆ ಸಿಂಕ್ರನೈಜ್ಡ್ ಸ್ಕೇಟಿಂಗ್ ಎಂದು ಹೆಸರು. ಅಮೇರಿಕೆಯ ಮಿಶಿಗನ್ ಪ್ರಾಂತದ ಆ್ಯನ್ ಆರ್ಬರ್ ಎಂಬ ಊರಿನಲ್ಲಿ 1956ರಲ್ಲಿ ಡಾ. ರಿಚರ್ಡ್ ಪೋರ್ಟರ್ ಎಂಬವರು ಹುಡುಗಿಯರ ಒಂದು ತಂಡ ಕಟ್ಟಿದರು. ಹಾಕಿ ಪಂದ್ಯದ ನಡುವಿನ ಬಿಡುವಿನಲ್ಲಿ ಜನರಿಗೆ ಬೇಸರವಾಗದಿರಲೆಂದು ಮಾಡಿದ ಏರ್ಪಾಡು ಅದು. ಬಿಡುವಿನ ವಿನೋದವೇ ಬೆಳೆದು 2000ದಲ್ಲಿ ವಿಶ್ವಸ್ಪರ್ಧೆಯಾಯಿತು. 2013ರಲ್ಲಿ ಕಿರಿಯರಿಗೂ ಪ್ರತ್ಯೇಕ ವಿಶ್ವಸ್ಪರ್ಧೆ ಬಂದಿತು. ಕಿರಿಯರ ತಂಡ ಎರಡು ಕಾರ್ಯಕ್ರಮಗಳನ್ನು ಒಪ್ಪಿಸಬೇಕು: ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಎರಡರ ಅಂಕಗಳನ್ನೂ ಕೂಡಿಸಿ ಗೆದ್ದವರನ್ನು ಆರಿಸುತ್ತಾರೆ. ಹದಿನಾರು ಜನರಲ್ಲಿ ಒಬ್ಬಳು ಮುಗ್ಗರಿಸಿದರೂ ಇಡೀ ತಂಡದ ಅಂಕ ಹೋಗುತ್ತದೆ. ಇಷ್ಟಾಗಿಯೂ ಒಲಿಂಪಿಕ್ಸಿನ ಬಾಗಿಲು ಈ ಆಟಕ್ಕೆ ತೆರೆದಿಲ್ಲ.

“ಅಪ್ಪಾ, ನಾ ಇದನ್ನ ಕಲೀತೀನಿ,” ಎಂದಳು ಪುಟ್ಟಿ.

ನಮ್ಮ ಪೇಟೆಯಲ್ಲಿ ಹಿಮವೆಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿತಟ್ಟಿನಲ್ಲಿ ಸುತ್ತಿಟ್ಟ ಬರ್ಫದ ಗಡ್ಡೆಯೊಂದೇ. ಅದನ್ನೇ ಹೇಳಿ ನಕ್ಕೆ. ಅವಳು ನಗಲಿಲ್ಲ. ನನ್ನಾಕೆ ಸುಮ್ಮನಿದ್ದು, ಮರುದಿನ ನೆರೆಮನೆಯ ಹುಡುಗಿಯ ಜೊತೆಗೆ ಅವಳನ್ನು ಹತ್ತಿರದ ವ್ಯಾಯಾಮಶಾಲೆಗೆ ಕಳಿಸಿದಳು. ಅಲ್ಲಿ ಹಿಮವಿರಲಿಲ್ಲ; ಆದರೆ ಜಾರಲಿಕ್ಕೆ ಬೇಕಾದಷ್ಟು ಅನುಕೂಲವಿತ್ತು. ಆಳೆತ್ತರವನ್ನು ಮೀರಿದ ನುಣುಪಾದ ಮರದ ಕಂಬ, ಅದರ ಮೈಗೆಲ್ಲ ಔಡಲೆಣ್ಣೆ. ನಮ್ಮ ಪುಟ್ಟಿ ಮಲ್ಲಕಂಬಕ್ಕೆ ಸೇರಿದ್ದು ಹೀಗೆ.

ಪುಣೆಗೂ ಮಲ್ಲಕಂಬಕ್ಕೂ ಹಳೆಯ ನಂಟು. ಎರಡನೆಯ ಬಾಜೀರಾಯ ಪೇಶವೆಯ ಕಾಲದಲ್ಲಿ ನಿಜಾಮನ ಸೀಮೆಯಿಂದ ಅಲಿ, ಗುಲಾಬ ಎಂಬ ಇಬ್ಬರು ಜಟ್ಟಿಗಳು ಬಂದು ದರಬಾರದ ಮಲ್ಲರಿಗೆ ಸವಾಲು ಹಾಕಿದರಂತೆ. ಎಲ್ಲರೂ ತಲೆ ತಗ್ಗಿಸಿದಾಗ ಬಾಳಂಭಟ್ಟ ದಾದಾ ದೇವಧರ ಎಂಬ ಹರೆಯದ ಬ್ರಾಹ್ಮಣ ಎದ್ದು ನಿಂತು, ಕೆಲಕಾಲದ ಅವಧಿ ಕೇಳಿಕೊಂಡು ಸಪ್ತಶೃಂಗಿಯ ಬೆಟ್ಟಕ್ಕೆ ಹೋದ. ಅಲ್ಲಿ ಮಾರುತಿಯೇ ಕನಸಿನಲ್ಲಿ ಬಂದು ಮರದ ಕಂಬದ ಮೇಲೆ ಪಟ್ಟುಗಳನ್ನು ತೋರಿಸಿಕೊಟ್ಟನೆಂದು ಕಥೆ. ತಿರುಗಿ ಬಂದವನು ಅಲಿಯನ್ನು ಚಿತ್ತು ಮಾಡಿದ. ಗುಲಾಬ ಕಣಕ್ಕೆ ಇಳಿಯಲೇ ಇಲ್ಲ. ಕಥೆಯಲ್ಲಿ ನಿಜವೆಷ್ಟೋ ಮಾರುತಿಗೇ ಗೊತ್ತು. ಬಾಳಂಭಟ್ಟ ಈ ವಿದ್ಯೆಗೆ ಮರುಜನ್ಮ ಕೊಟ್ಟನೆಂಬುದನ್ನಂತೂ ಎಲ್ಲರೂ ಒಪ್ಪುತ್ತಾರೆ.

ಮರುಜನ್ಮವೆಂದಮೇಲೆ ಹಿಂದೊಂದು ಜನ್ಮ ಇರಲೇಬೇಕಷ್ಟೆ. ಹುಡುಕುತ್ತ ಹೋದ ನನಗೆ ದೊರೆತ ಹೆಸರು ನಮ್ಮದೇ ನಾಡಿನದು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಸಾಮುಗಳನ್ನು ಹೇಳುವಾಗ ಕಂಬದ ಸಾಮಿನ ಮಾತೂ ಬಂದಿದೆ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಈ ಸಂಗತಿ ತಿಳಿದ ದಿನ ಎದೆಯುಬ್ಬಿಸಿಕೊಂಡು ವ್ಯಾಯಾಮಶಾಲೆಗೆ ಹೋಗಿ, ಕಲಿಸುವ ಬಾಯಿಯವರಿಗೆ ಅದನ್ನು ಒಪ್ಪಿಸಿದೆ. ಅವರು ಪೂರ್ತಿ ಕೇಳಿಕೊಂಡು ಮರಾಠಿಯಲ್ಲಿ, “ಬಹಳ ಸಂತೋಷ. ನಾಳೆ ಹುಡುಗಿಯನ್ನು ಐದು ನಿಮಿಷ ಮೊದಲೇ ಕಳಿಸಿರಿ,” ಎಂದರು.

ಆ ಬಾಯಿಯವರನ್ನು ಮಕ್ಕಳೆಲ್ಲ ‘ತಾಈ’ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಊರಿನಿಂದ ಬಂದಿದ್ದ ನಮ್ಮವ್ವನಿಗೆ ಇದು ತಿಳಿಯದು. ಮೊಮ್ಮಗಳು ದಿನಾ ಸಂಜೆ ‘ತಾಯಿ’ಯ ಹತ್ತಿರ ಹೋಗುತ್ತೇನೆನ್ನುವದನ್ನು ಕೇಳಿ ಕೇಳಿ, “ಯಾವಾಕಿಗೋ ಇಕಿ ತಾಯಿ ಅಂತಾಳು? ಹಡದಾಕಿ ಮನ್ಯಾಗ ಇದ್ದಾಳಲ್ಲೋ!” ಎಂದು ಕಣ್ಣೀರು ತಂದುಕೊಂಡಳು. ಅರ್ಥ ಹೇಳಿದ ಮೇಲೆ ಸಮಾಧಾನವಾಯಿತು. ಔಡಲೆಣ್ಣೆಯ ಅಂಗಿಗಳನ್ನು ಒಗೆಯುವ ಬಗೆಯನ್ನು ಸೊಸೆಗೆ ಕಲಿಸಿದವಳೂ ಅವಳೇ.

ಈ ಆಟದ ಮೇಲೆ ಸರಕಾರದ ಮುದ್ರೆ ಬೀಳುವದಕ್ಕೆ ಬಹಳ ಕಾಲ ಹಿಡಿಯಿತು. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು 1936ರಲ್ಲೇ ಬರ್ಲಿನ್ನಿಗೆ ಹೋಗಿ ಒಲಿಂಪಿಕ್ಸಿನ ಕಾಲದಲ್ಲಿ ದೇಶೀ ಆಟಗಳನ್ನು ತೋರಿಸಿ ಬಂದಿದ್ದರು. ಪ್ರತ್ಯೇಕ ರಾಷ್ಟ್ರೀಯ ಸಂಘಟನೆ ಹುಟ್ಟಿದ್ದು ಮಾತ್ರ 1981ರಲ್ಲಿ. ಮಧ್ಯಪ್ರದೇಶವು 2013ರಲ್ಲಿ ಇದನ್ನು ರಾಜ್ಯದ ಆಟವೆಂದು ಸಾರಿತು. 2019ರಲ್ಲಿ ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಮೊದಲನೆಯ ವಿಶ್ವಸ್ಪರ್ಧೆ ನಡೆಯಿತು. 2022ರಲ್ಲಿ ಪಂಚಕುಲಾದ ಖೇಲೋ ಇಂಡಿಯಾ ಯುವ ಕ್ರೀಡೆಗಳಲ್ಲಿಯೂ ಗುಜರಾತಿನ ರಾಷ್ಟ್ರೀಯ ಕ್ರೀಡೆಗಳಲ್ಲಿಯೂ ಮಲ್ಲಕಂಬಕ್ಕೆ ಸ್ಥಾನ ದೊರೆಯಿತು. ಮಹಾರಾಷ್ಟ್ರದ ಹಿಮಾನಿ ಪರಬ ಎಂಬ ಹುಡುಗಿಗೆ 2021ರ ಅರ್ಜುನ ಪ್ರಶಸ್ತಿ ಬಂದಿತು. ಮೇಜಿನಿಂದ ಮೇಜಿಗೆ ಹೋಗುವ ಕಡತದ ವೇಗ ಬಲ್ಲ ನನಗೆ ಈ ವಿಳಂಬದಲ್ಲಿ ಸೋಜಿಗವೇನೂ ಕಾಣಲಿಲ್ಲ.

ಒಬ್ಬೊಬ್ಬರೇ ಕಂಬವೇರಿ ಆಸನಗಳನ್ನು ತೋರಿಸುವದು ಒಂದು ಬಗೆ. ಹಲವರು ಕೂಡಿ ಕಂಬದ ಮೇಲೆ ಗೋಪುರ ಕಟ್ಟುವದು ಇನ್ನೊಂದು. ನಮ್ಮ ಪುಟ್ಟಿ ಎರಡನೆಯದಕ್ಕೆ ಆಯ್ಕೆಯಾದಳು. ಎಂಟು ಹುಡುಗಿಯರು. ಇಬ್ಬರು ಬುಡದ ಹತ್ತಿರ ತೊಡೆಗಳಿಂದ ಕಂಬವನ್ನು ಬಿಗಿದು ನಿಲ್ಲುತ್ತಾರೆ. ಉಳಿದವರು ಒಬ್ಬರ ಮೇಲೊಬ್ಬರು ಏರುತ್ತಾರೆ. ಎಣಿಕೆಗೆ ಸರಿಯಾಗಿ ಎಡಬಲದವರು ಹೊರಕ್ಕೆ ಬಾಗಿ ಹೂವಿನ ಎಸಳುಗಳಂತೆ ಅರಳುತ್ತಾರೆ. ತುದಿಯ ಗುಂಡಿನ ಮೇಲೆ ಒಬ್ಬಳು ಕೈಚಾಚಿ ನಿಲ್ಲುತ್ತಾಳೆ. ಚಪ್ಪಾಳೆಯೆಲ್ಲ ಅವಳಿಗೆ. ಎಡಬಲದ ಭಾರ ಸಮನಾಗಿರುವವರೆಗೆ ಮಾತ್ರ ಈ ಹೂವು ನಿಲ್ಲುತ್ತದೆ. ಒಂದು ಕಡೆ ಅರೆಗಳಿಗೆ ತಡವಾದರೂ ಎಲ್ಲವೂ ವಾಲುತ್ತದೆ.

ಪುಟ್ಟಿಯ ಸ್ಥಾನ ಬುಡದಲ್ಲಿ. ಕೆಳಗೆ ಕೂತು ನೋಡುವವರಿಗೆ ಅವಳ ಬೆನ್ನು, ಒಂದು ಜಡೆ ಇಷ್ಟೇ ಕಾಣುವದು.

ನನಗಿದು ಸರಿಬರಲಿಲ್ಲ. ತುದಿಯ ಹುಡುಗಿಗಿಂತ ನಮ್ಮವಳೇನು ಕಡಿಮೆ? ಪರನಾಡಿನವರೆಂದು ಕೆಳಗೆ ನಿಲ್ಲಿಸಿದರೇ ಎಂಬ ಕೆಟ್ಟ ಯೋಚನೆಯೂ ಬಂದುಹೋಯಿತು, ಮುಚ್ಚಿಡುವದೇಕೆ? ತಾಈಯವರಲ್ಲಿ ಹೋಗಿ ನಯವಾಗಿ ಅಹವಾಲು ಮಂಡಿಸಿದೆ. ಅವರು ನಕ್ಕು, “ಮೇಲಿನವಳನ್ನು ಬದಲಿಸಬಹುದು, ಹಗುರಾಗಿದ್ದರೆ ಸಾಕು. ನಿಮ್ಮ ಮಗಳನ್ನು ಬದಲಿಸಲಾರೆ. ಎಲ್ಲರ ಭಾರ ಕೂತಿತೋ ಇಲ್ಲವೋ ಎಂಬುದು ಬುಡದವಳಿಗೇ ಮೊದಲು ತಿಳಿಯುವದು. ಅದಕ್ಕೇ ಎಣಿಸುವವಳೂ ಅವಳೇ,” ಎಂದರು. ಎಲ್ಲ ತಂದೆಗಳಿಗೂ ಹೇಳುವ ಉಪಚಾರದ ಮಾತೆಂದುಕೊಂಡು ತಿರುಗಿ ಬಂದೆ.

ಜಿಲ್ಲಾ ಸ್ಪರ್ಧೆಯ ದಿನ ಬಂದಿತು. ಮನೆಮಂದಿಯೆಲ್ಲ ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ಮೊದಲಿನ ಎರಡು ರಚನೆಗಳು ಅಚ್ಚುಕಟ್ಟಾಗಿ ಮುಗಿದವು. “ಏಕ್, ದೋನ್, ತೀನ್” ಎಂದು ಪುಟ್ಟಿಯ ಸಣ್ಣ ದನಿ ಕೇಳುತ್ತಲಿತ್ತು. ಮೂರನೆಯದಕ್ಕೆ ಎಲ್ಲರೂ ಏರಿದರು. ಆಗ ಕಂಬ ಒಂದಿಷ್ಟು ಅಲುಗಿದಂತೆ ನನ್ನ ಕಣ್ಣಿಗೆ ಕಂಡಿತು. ಅಷ್ಟು ಜನ ಏರಿದಾಗ ಹಾಗೆ ಅನಿಸುವದು ಸಹಜವಂತೆ. ನನಗೆ ಗೊತ್ತಿರಲಿಲ್ಲ. ಎದ್ದು ನಿಂತವನೇ, “ಪುಟ್ಟೀ, ಗಟ್ಟಿ ಹಿಡಿ!” ಎಂದು ಒದರಿಬಿಟ್ಟೆ.

ನೂರಾರು ಜನರ ಗದ್ದಲವಿತ್ತು. ಯಾವ ಮಗುವೂ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಆದರೆ ಅಲ್ಲಿ ಕನ್ನಡದಲ್ಲಿ ಕೂಗಿದವನು ನಾನೊಬ್ಬನೇ, ಅದು ತನ್ನ ಅಪ್ಪನ ದನಿಯೆಂದು ತಿಳಿಯುವವಳೂ ಅವಳೊಬ್ಬಳೇ. ಪುಟ್ಟಿ ಥಟ್ಟನೆ ತಲೆಯೆತ್ತಿ ನನ್ನ ಕಡೆಗೆ ನೋಡಿದಳು. ‘ದೋನ್’ ಆಗಿತ್ತು, ‘ತೀನ್’ ಬರಲಿಲ್ಲ. ಎಡದವಳು ಅಭ್ಯಾಸಬಲದಿಂದ ಬಾಗಿದಳು, ಬಲದವಳು ಎಣಿಕೆಗೆ ಕಾದಳು. ತುದಿಯ ಹುಡುಗಿ ಒಮ್ಮೆ ವಾಲಿ, ಕೈಯಿಂದ ಕಂಬವನ್ನು ತಬ್ಬಿ ಸರ್ರನೆ ಕೆಳಗೆ ಜಾರಿದಳು. ದೇವರು ದೊಡ್ಡವನು; ಯಾರಿಗೂ ಪೆಟ್ಟಾಗಲಿಲ್ಲ. ಮೇಲಿನವರೆಲ್ಲ ಇಳಿಯುವತನಕ ಪುಟ್ಟಿ ತೊಡೆಯ ಬಿಗಿ ಸಡಿಲಿಸಲಿಲ್ಲ. ಆದರೆ ಹೂವು ಅರಳಲಿಲ್ಲ. ಮೊದಲ ಮೂವರಲ್ಲಿ ಬರಬೇಕಾದ ತಂಡ ನಾಲ್ಕನೆಯದಾಯಿತು.

ಸ್ಕೂಟರಿನ ಮೇಲೆ ಮನೆ ಮುಟ್ಟುವವರೆಗೆ ಅವಳು ಮಾತಾಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಕಳಚುತ್ತ, “ಅಪ್ಪಾ, ನೀ ಯಾಕ ಒದರಿದಿ? ನಾ ಎಣಸಲಿಕ್ಕೆ ಹತ್ತಿದ್ದೆ,” ಎಂದಳು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳನ್ನು ತುದಿಗೆ ಏರಿಸಬೇಕೆಂದು ಹಂಬಲಿಸಿದವನು ನಾನು. ಅವಳು ನಿಂತಿದ್ದ ಜಾಗದಲ್ಲಿ ಅವಳೇನು ಮಾಡುತ್ತಿದ್ದಾಳೆಂಬುದನ್ನು ಒಂದು ದಿನವಾದರೂ ನೋಡಿದ್ದೆನೇ? ತಾಈಯವರು ಬಾಯಿಬಿಟ್ಟು ಹೇಳಿದ್ದರೂ ಕೇಳಿರಲಿಲ್ಲ. ಪರನಾಡಿನವಳೆಂಬ ಭೇದವನ್ನು ಅವರು ಮಾಡಿರಲಿಲ್ಲ. ಏಳು ಜನ ಮರಾಠಿ ಮಕ್ಕಳ ಮೈಭಾರವನ್ನು ನಂಬಿ ಅವಳ ಕೈಗೆ ಒಪ್ಪಿಸಿದ್ದರು. ಭೇದವಿದ್ದದ್ದು ನನ್ನ ಮನಸ್ಸಿನಲ್ಲಿ.

ಮರುದಿನ ಕಚೇರಿ ಬಿಟ್ಟವನು ನೇರವಾಗಿ ವ್ಯಾಯಾಮಶಾಲೆಗೆ ಹೋದೆ. ಎಂಟೂ ಹುಡುಗಿಯರನ್ನು ಕೂಡಿಸಿ, ನನಗೆ ಬರುವ ಮರಾಠಿಯಲ್ಲಿ ತಪ್ಪು ಒಪ್ಪಿಕೊಂಡೆ. ಪುಟ್ಟಿ ನಾಚಿ ಕಂಬದ ಮರೆಗೆ ನಿಂತಳು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ತುದಿಯ ಹುಡುಗಿಯೇ, “ಕಾಕಾ, ನೀವು ಕೂಗಿದ್ದೇನು?” ಎಂದು ಕೇಳಿದಳು. ಹೇಳಿದೆ. “ಅಯ್ಯೋ, ನಮ್ಮಲ್ಲಿಯೂ ಅದೇ ಅಲ್ಲವೆ, ‘ಘಟ್ಟ ಧರ’!” ಎಂದು ನಕ್ಕಳು. ನನ್ನ ‘ಗಟ್ಟಿ’ಗೂ ಅವರ ‘ಘಟ್ಟ’ಕ್ಕೂ ಇದ್ದ ನಂಟು ಅಷ್ಟು ವರ್ಷ ಪುಣೆಯಲ್ಲಿದ್ದರೂ ನನಗೆ ಹೊಳೆದಿರಲಿಲ್ಲ. ತಾಈಯವರು ನನಗೆ ಶಿಕ್ಷೆಯನ್ನೂ ವಿಧಿಸಿದರು: ಮುಂದಿನ ಸ್ಪರ್ಧೆಯವರೆಗೆ ಪ್ರತಿ ರವಿವಾರ ಬೆಳಿಗ್ಗೆ ಬಂದು ಗಾದಿಗಳನ್ನು ಹೊತ್ತು ಹಾಸಬೇಕು, ಮಾತಾಡಬಾರದು.

ಆರು ತಿಂಗಳು ಗಾದಿ ಹೊತ್ತೆ. ಅವಳು ಎಣಿಸುವದನ್ನು ಹತ್ತಿರದಿಂದ ನೋಡಿದೆ. ಕಣ್ಣು ಮುಚ್ಚಿಕೊಂಡು, ಮೇಲಿನವರ ಉಸಿರು ಒಂದಾಗುವವರೆಗೆ ಕಾದು, ಆಮೇಲೆಯೇ ‘ಏಕ್’ ಎನ್ನುತ್ತಾಳೆ. ತೊಡೆಯ ಒಳಬದಿಯ ಚರ್ಮ ಕೆಂಪಾಗಿರುತ್ತದೆ. ಮನೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ, ಅವ್ವನೊಬ್ಬಳಿಗೇ ಗೊತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವವಳು ಅವಳೇ.

ಎರಡನೆಯ ಸ್ಪರ್ಧೆಗೆ ಹೋದಾಗ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಕಂಬಕ್ಕೆ ನಮಸ್ಕರಿಸಿ ಏರುವ ಮುಂಚೆ ತುದಿಯ ಹುಡುಗಿ ಪುಟ್ಟಿಯ ಬೆನ್ನು ತಟ್ಟಿ, ಮರಾಠಿ ರಾಗದಲ್ಲಿ “ಘಟ್ಟಿ ಹಿಡಿ!” ಎಂದಳು. ಎಂಟೂ ಜನ ನಕ್ಕರು, ನಗುತ್ತಲೇ ಏರಿದರು. ಏಕ್, ದೋನ್, ತೀನ್. ಹೂವು ಅರಳಿತು, ಒಂದು ಕ್ಷಣ ನಿಂತಿತು, ಮಡಿಸಿಕೊಂಡಿತು. ಎರಡನೆಯ ಬಹುಮಾನ ಬಂದಿತು.

ಎಣ್ಣೆಯ ಕೈಗಳಿಂದಲೇ ಪುಟ್ಟಿ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಬಿಳಿಯ ಅಂಗಿಯ ಮೇಲೆ ಎರಡು ಪುಟ್ಟ ಕೈಗಳ ಅಚ್ಚು ಬಿದ್ದಿತು. ಅವ್ವನ ಕಡಲೆಹಿಟ್ಟಿಗೂ ನನ್ನಾಕೆಯ ಸಾಬಾಣಿಗೂ ಅದು ಜಗ್ಗಿಲ್ಲ. ಆ ಅಂಗಿ ತೊಟ್ಟು ಕಚೇರಿಗೆ ಹೋಗುವಂತಿಲ್ಲ. ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ರವಿವಾರ ಗಾದಿ ಹಾಸುವ ಕೆಲಸ ಮಾತ್ರ ಇನ್ನೂ ನನ್ನದೇ. ಶಿಕ್ಷೆಯ ಅವಧಿ ಮುಗಿದದ್ದನ್ನು ತಾಈಯವರಿಗೆ ನಾನು ನೆನಪಿಸಿಲ್ಲ.