ಮಾವನ ಮಾರಿಸ್ಸಿನ ಡೈನಮೊ

ಹಳೇ ಕಾರು ಇಟ್ಟುಕೊಂಡವನಿಗೆ ಹೆಣ್ಣು ಕೊಡಬಾರದು ಎಂದು ದೊಡ್ಡಬಳ್ಳಾಪುರದ ನಮ್ಮತ್ತೆ ಹೇಳುತ್ತಿದ್ದರು. ಕೊಟ್ಟಾದ ಮೇಲೆ ಹೇಳಿ ಏನು ಪ್ರಯೋಜನ? ಸೋದರಮಾವನ ಮಾರಿಸ್ ಮೈನರ್ ಅವರಿಗಿಂತ ಮೊದಲೇ ಆ ಮನೆ ತುಂಬಿಕೊಂಡಿತ್ತು. ಅತ್ತೆಯ ಲೆಕ್ಕದಲ್ಲಿ ಅದು ಹಿರೀ ಸವತಿ.

ಮಾವ ಅದನ್ನು ವಿಂಟೇಜ್ ಕಾರು ಎನ್ನುತ್ತಿದ್ದರು. ಶಾಸ್ತ್ರಪ್ರಕಾರ ಆ ಬಿರುದು ಸಲ್ಲುವುದು 1930ರವರೆಗಿನ ಕಾರುಗಳಿಗೆ ಮಾತ್ರ. ಮಾವನ ಬಳಿಯಿದ್ದ ದುಂಡು ಬೆನ್ನಿನ ಮಾದರಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಮುಖ ತೋರಿಸಿದ್ದೇ 1948ರಲ್ಲಿ. ಇದನ್ನು ಮಾವನೆದುರು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಕಾರಿನಲ್ಲಿ ಬೆಳಕು ಅನ್ನುವುದೆಲ್ಲ ಡೈನಮೊದ ದಯೆ. ಫ್ಯಾನ್ ಬೆಲ್ಟಿಗೆ ಸಿಕ್ಕಿ ಇಂಜಿನ್ನಿನ ಜೊತೆ ತಿರುಗುವ ಆ ಕಬ್ಬಿಣದ ಉರುಳೆ, ಮೈತುಂಬಾ ದುಡಿದರೂ ಇಪ್ಪತ್ತು ಆಂಪಿಯರ್ ಆಸುಪಾಸು ಕೊಡುತ್ತದೆ. ಇಂಜಿನ್ ನಿಧಾನವಾದರೆ ಅದೂ ಇಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿಕೊಂಡು ರಾತ್ರಿ ವಾಪಸ್ ಬರುವಾಗ ರೈಲ್ವೆ ಗೇಟು ಬಿದ್ದಿದ್ದರೆ ಹೆಡ್‌ಲೈಟು ಮಂಕಾಗುತ್ತಿತ್ತು, ಸ್ಟೀರಿಂಗಿನ ಹಿಂದೆ ಕೆಂಪು ದೀಪ ಕಣ್ಣು ಬಿಡುತ್ತಿತ್ತು. ಮಾವ ಆಕ್ಸಿಲರೇಟರ್ ತುಳಿದು, “ನೋಡು, ಬಂತು ನೋಡು” ಎನ್ನುವರು. ಹಿಂದಿನ ಸೀಟಿನಿಂದ ಅತ್ತೆ, “ಇದಕ್ಕಿಂತ ಲಾಟೀನು ವಾಸಿ ಕಣ್ರೀ, ನಿಂತ ಕಡೇನೂ ಉರಿಯತ್ತೆ.” ಇದರಲ್ಲಿ ತಯಾರಿಸಿದವರ ತಪ್ಪೇನೂ ಇಲ್ಲ, ಡೈನಮೊಗಳ ಜಾಯಮಾನವೇ ಹಾಗೆ. ಆ ತಯಾರಕ ಕಂಪನಿಯ ಮೂಲಪುರುಷ, ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಸ್, ಹಿಂದೊಮ್ಮೆ ತನ್ನ ಸೈಕಲ್ ದೀಪಕ್ಕೆ ‘ರಸ್ತೆಯ ರಾಜ’ ಎಂದು ಹೆಸರಿಟ್ಟಿದ್ದ. ರಾಜರಿಗೆ ಗೇಟಿನ ಮುಂದೆ ಕಾಯುವ ಅಭ್ಯಾಸ ಇರಲಿಲ್ಲವೇನೋ.

ಮಾವ ಹೋದ ಮೇಲೆ ಕೀಲಿಕೈ ನನಗೆ ಬಂತು. ಕಾರು ಹೇಗೋ ಹೊರಟಿತು, ಕೆಂಪು ದೀಪ ಮಾತ್ರ ಎಷ್ಟು ತುಳಿದರೂ ಆರಲಿಲ್ಲ. ಡೈನಮೊ ಬಿಚ್ಚಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊತ್ತುಕೊಂಡು ಹೋದರೆ, “ಆಲ್ಟರ್ನೇಟರ್ ಹಾಕ್ಸಿಬಿಡಿ ಸಾರ್, ಯಾಕೆ ತಲೆನೋವು” ಎಂಬ ಸಲಹೆ ಸಿಕ್ಕಿತು. ಸಲಹೆಯೇನೋ ಸರಿಯೇ. ಆಲ್ಟರ್ನೇಟರ್ ಇಂಜಿನ್ ನಿಧಾನವಾಗಿ ತಿರುಗುವಾಗಲೂ ಚಾರ್ಜ್ ಮಾಡುತ್ತದೆ, ಅದಕ್ಕೇ 1960ರ ದಶಕದಿಂದ ಈಚೆಗೆ ಕಾರುಗಳೆಲ್ಲ ಒಂದೊಂದಾಗಿ ಅದರ ಕಡೆಗೆ ವಾಲಿದವು. ಆದರೆ ಹೆಡ್‌ಲೈಟು ಮಂಕಾಗದ ಮಾರಿಸ್ಸಿನಲ್ಲಿ ಅತ್ತೆ ಏನು ಮಾತಾಡಬೇಕು?

ಹುಡುಕಿದ್ದು ಕೊನೆಗೆ ಊರಲ್ಲೇ ಸಿಕ್ಕಿತು. ದೊಡ್ಡಬಳ್ಳಾಪುರ ಮಗ್ಗದ ಊರು. ಮಗ್ಗದ ಮೋಟಾರು ಸುಟ್ಟರೂ ತೋಟದ ಪಂಪು ಸುಟ್ಟರೂ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಗಳು ಅಲ್ಲಿವೆ. ಅಂಥ ಒಂದು ಅಂಗಡಿಯ ಮೇಸ್ತ್ರಿ ಡೈನಮೊವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. “ವೈಂಡಿಂಗ್ ಹೋಗಿಲ್ಲ. ಹೋಗಿದ್ರೆ ವಾಸನೆ ಹೇಳೋದು.”

ಎರಡು ಉದ್ದನೆಯ ಬೋಲ್ಟು ಬಿಚ್ಚಿದರೆ ಎಲ್ಲ ಹೊರಗೆ ಬರುತ್ತದೆ. ಆರ್ಮೆಚರ್‌ನ ತುದಿಯ ತಾಮ್ರದ ಕಮ್ಯುಟೇಟರ್ ಕಪ್ಪಗಾಗಿತ್ತು, ತಾಮ್ರದ ಪಟ್ಟಿಗಳ ನಡುವಿನ ಮೈಕಾ ಮೇಲೆದ್ದಿತ್ತು. ಎರಡು ಕಾರ್ಬನ್ ಬ್ರಷ್ಷುಗಳಲ್ಲಿ ಒಂದರ ಬಣ್ಣ ಬೇರೆ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದರು. “ಇದು ಲಾರಿ ಸೆಲ್ಫ್ ಮೋಟಾರಿಂದು. ಇದರಲ್ಲಿ ತಾಮ್ರ ಬೆರೆತಿರತ್ತೆ, ಡೈನಮೊಗೆ ಆಗಲ್ಲ. ಅರ ಹಾಕಿ ಉಜ್ಜಿ ಅಳತೆಗೆ ತಂದು ಕೂರಿಸಿದಾರೆ. ಯಾರು ಮಾಡಿದ್ದು?”

“ನಮ್ಮ ಮಾವ.”

“ಕೈ ಚೆನ್ನಾಗಿದೆ” ಎಂದರು ಮೇಸ್ತ್ರಿ, ಬ್ರಷ್ಷನ್ನು ನನ್ನ ಅಂಗೈಯಲ್ಲಿಟ್ಟು. ನಾಲ್ಕೂ ಮೂಲೆ ನೆಟ್ಟಗಿದ್ದವು. ಯಾವುದೋ ಭಾನುವಾರ ಜಗಲಿ ಮೇಲೆ ಕೂತು ಉಜ್ಜಿರಬೇಕು. ಊಟಕ್ಕೆ ಕರೆದು ಕರೆದು ಅತ್ತೆಗೆ ಸಾಕಾಗಿರಬೇಕು.

ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ಕಲ್ಲಿಗೆ ಉಜ್ಜಿ ತೆಳ್ಳಗೆ ಮಾಡಿಕೊಂಡು, ಪಟ್ಟಿ ಪಟ್ಟಿಗಳ ಸಂದಿನಲ್ಲಿ ಮೈಕಾ ಕೆರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ಕಂಚಿನ ಬುಷ್ಷು ಇಡೀ ಒಂದು ದಿನ ಇಂಜಿನ್ ಆಯಿಲ್‌ನಲ್ಲಿ ನೆನೆಯಬೇಕು. ಅದರ ಮೈಯೆಲ್ಲ ಸಣ್ಣ ರಂಧ್ರ, ಕುಡಿದಿಟ್ಟುಕೊಂಡ ಎಣ್ಣೆಯೇ ಅದರ ಆಯಸ್ಸು.

ಕಷ್ಟ ಇರುವುದು ಮುಚ್ಚುವುದರಲ್ಲಿ. ಸ್ಪ್ರಿಂಗಿನ ಒತ್ತಡಕ್ಕೆ ಬ್ರಷ್ಷುಗಳು ಮುಂದಕ್ಕೆ ಬಂದು ಕಮ್ಯುಟೇಟರ್‌ಗೆ ಅಡ್ಡ ನಿಲ್ಲುತ್ತವೆ, ಮುಚ್ಚಳ ಕೂರುವುದಿಲ್ಲ. ಮೇಸ್ತ್ರಿ ಬ್ರಷ್ಷನ್ನು ಮೇಲಕ್ಕೆಳೆದು, ಸ್ಪ್ರಿಂಗನ್ನು ಅದರ ನೆತ್ತಿಯ ಬದಲು ಪಕ್ಕೆಗೆ ಒತ್ತಿಸಿ ನಿಲ್ಲಿಸಿದರು. ಮುಚ್ಚಳವನ್ನು ಬೆರಳು ತೂರುವಷ್ಟು ಸಂದು ಬಿಟ್ಟು ತಳ್ಳಿದರು. ಆ ಸಂದಿನೊಳಗೆ ತೆಳ್ಳನೆಯ ಸ್ಕ್ರೂಡ್ರೈವರ್ ಇಳಿಸಿ ಬ್ರಷ್ಷಿನ ತಲೆ ಒತ್ತಿದರೆ ಟಕ್ ಎಂದಿತು: ಬ್ರಷ್ಷು ತಾಮ್ರದ ಮೇಲೆ, ಸ್ಪ್ರಿಂಗು ಬ್ರಷ್ಷಿನ ಮೇಲೆ. “ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ ಸಾರ್.”

ಡಿ, ಎಫ್ ಎರಡೂ ಟರ್ಮಿನಲ್ ಜೋಡಿಸಿ ಬ್ಯಾಟರಿ ಕೊಟ್ಟರೆ, ಕರೆಂಟು ಕೊಡಬೇಕಾದ ಡೈನಮೊ ತಾನೇ ಕರೆಂಟು ತಿಂದು ಮೋಟಾರಿನಂತೆ ನಿಧಾನವಾಗಿ ತಿರುಗತೊಡಗಿತು. ಜೋಡಣೆ ಸರಿಯಾಗಿದೆ ಎನ್ನುವುದಕ್ಕೆ ಅಷ್ಟು ಸಾಕು. ಕಾರಿಗೆ ಕೂರಿಸಿದ ಮೇಲೆ ಇನ್ನೊಂದು ಶಾಸ್ತ್ರ ಬಾಕಿ. ಡೈನಮೊದೊಳಗೆ ಶಾಶ್ವತ ಆಯಸ್ಕಾಂತವಿಲ್ಲ. ಹಿಂದೆ ಹರಿದ ಕರೆಂಟಿನಿಂದ ಕಬ್ಬಿಣದಲ್ಲಿ ಉಳಿದ ಚೂರುಪಾರು ಕಾಂತಶಕ್ತಿಯೇ ಮೊದಲ ಬಂಡವಾಳ. ಅದರಿಂದ ಸ್ವಲ್ಪ ಕರೆಂಟು, ಆ ಕರೆಂಟಿನಿಂದ ಮತ್ತಷ್ಟು ಕಾಂತಶಕ್ತಿ. 1866ರಲ್ಲಿ ಬರ್ಲಿನ್ನಿನ ವರ್ನರ್ ಸೀಮೆನ್ಸ್ ಕಂಡುಕೊಂಡದ್ದು ಇದನ್ನೇ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲೂ ಒಂದಿಬ್ಬರಿಗೆ ಹೊಳೆದಿತ್ತು. ಬಹಳ ಕಾಲ ಸುಮ್ಮನೆ ಬಿದ್ದರೆ ಕಬ್ಬಿಣ ಅದನ್ನೂ ಮರೆಯುತ್ತದೆ, ಇಲ್ಲವೇ ತಲೆಕೆಳಗಾಗಿ ನೆನಪಿಟ್ಟುಕೊಳ್ಳುತ್ತದೆ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬಾಡಿಗೆ ತಾಗುವುದು ಬ್ಯಾಟರಿಯ ಪಾಸಿಟಿವ್ ಬೇರೆ. ಮೇಸ್ತ್ರಿ ಎಫ್ ತಂತಿ ಬಿಚ್ಚಿ, ಬ್ಯಾಟರಿಯಿಂದ ಒಂದು ವೈರು ತಂದು ಆ ಟರ್ಮಿನಲ್ಲಿಗೆ ಸುಮ್ಮನೆ ತಾಗಿಸಿ ತೆಗೆದರು. ಚಟ್ ಎಂದು ಕಿಡಿ ಹಾರಿತು.

“ನೆನಪು ಮಾಡಿದ್ದಾಯ್ತು” ಎಂದರು.

ಮೇಸ್ತ್ರಿಯ ಮಗ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾನೆ, ಅಂಗಡಿಯ ಕಡೆ ತಲೆ ಹಾಕುವುದಿಲ್ಲವಂತೆ. ಅದು ಅವನ ತಪ್ಪಲ್ಲ, ಸುತ್ತುವುದಕ್ಕೆ ಬರುವ ಡೈನಮೊಗಳಾದರೂ ಈಗ ಎಲ್ಲಿವೆ? ಗುಜರಿಯವರು ಅದನ್ನು ಒಳಗಿನ ತಾಮ್ರದ ತೂಕಕ್ಕೆ ಕೊಳ್ಳುತ್ತಾರೆ. ನಿಮ್ಮ ಮನೆ ಅಟ್ಟದಲ್ಲೋ ಶೆಡ್ಡಿನ ಮೂಲೆಯಲ್ಲೋ ಡಿ, ಎಫ್ ಎಂದು ಎರಡು ಟರ್ಮಿನಲ್ ಇರುವ ಉರುಳೆ ಬಿದ್ದಿದ್ದರೆ, ದಯವಿಟ್ಟು ಅವರಿಗೆ ಕೊಡಬೇಡಿ. ದೊಡ್ಡಬಳ್ಳಾಪುರಕ್ಕೆ ತನ್ನಿ. ಮೇಸ್ತ್ರಿ ಸೋಮವಾರ ರಜ.