ಕೆಂಪು ಕಲ್ಲಿನಡಿ ಒಬ್ಬ ಹುಟ್ಟುಗಾರ

ಫ್ರಾನ್ಸಿನ ಆಮಿಯಾಂನಿಂದ ರೈಲು ಹಿಡಿದು ಆಲ್ಬೇರ್‌ನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಬಸ್ಸಿಗೆ ಕಾದು ಬೇಸತ್ತು ಮಾರ್ಟಿನ್ಸಾರ್ ಹಳ್ಳಿಯ ಕಡೆ ನಡೆದೇ ಹೊರಟೆ. ನಾಲ್ಕೈದು ಕಿಲೋಮೀಟರ್ ತಾನೆ! ನವೆಂಬರ್ ತಿಂಗಳು. ರಸ್ತೆ ಬದಿಯಲ್ಲಿ ಕಿತ್ತು ಹಾಕಿದ ಸಕ್ಕರೆ ಬೀಟ್ ಗಡ್ಡೆಗಳ ರಾಶಿ, ಡಾಂಬರಿನ ಮೇಲೆಲ್ಲ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರು. ಅರ್ಧ ದಾರಿಗೇ ಒಂದೊಂದು ಶೂ ಒಂದೊಂದು ಕೇಜಿ ತೂಗುತ್ತಿತ್ತು.

ನಾನು ನೋಡಬೇಕಿದ್ದದ್ದು ಫ್ರೆಡರಿಕ್ ಸೆಪ್ಟಿಮಸ್ ಕೆಲಿಯ ಸಮಾಧಿ. 1881ರಲ್ಲಿ ಸಿಡ್ನಿಯಲ್ಲಿ ಹುಟ್ಟಿ, ಈಟನ್, ಆಕ್ಸ್‌ಫರ್ಡ್‌ಗಳಲ್ಲಿ ಓದಿದವನು. ಹೆನ್ಲಿಯ ಥೇಮ್ಸ್ ನದಿಯಲ್ಲಿ ಒಂಟಿ ದೋಣಿಯ ‘ಡೈಮಂಡ್ ಸ್ಕಲ್ಸ್’ ಸ್ಪರ್ಧೆಯನ್ನು ಮೂರು ಸಲ ಗೆದ್ದ. 1905ರ ಅವನ ದಾಖಲೆ, 8 ನಿಮಿಷ 10 ಸೆಕೆಂಡು, 1938ರವರೆಗೂ ಅಲುಗಲಿಲ್ಲ. 1908ರ ಒಲಿಂಪಿಕ್ಸ್ ದೋಣಿ ಸ್ಪರ್ಧೆಗಳೂ ಅದೇ ಹೆನ್ಲಿಯಲ್ಲಿ. ಬೆಲ್ಜಿಯಂನವರನ್ನು ಸೋಲಿಸಿ ಚಿನ್ನ ಗೆದ್ದ ಬ್ರಿಟನ್ನಿನ ಎಂಟು ಹುಟ್ಟಿನ ದೋಣಿಯಲ್ಲಿ ಕೆಲಿ ಇದ್ದ. ವಯಸ್ಸಾದವರೇ ತುಂಬಿದ್ದ ಆ ತಂಡವನ್ನು ಜನ ‘ಹಳೇ ಗುಜರಿ’ ಅನ್ನುವ ಹಾಗೆ ಗೇಲಿ ಮಾಡಿದ್ದರಂತೆ.

ಆದರೆ ಅವನ ಜೀವವೆಲ್ಲ ಇದ್ದದ್ದು ಪಿಯಾನೋದಲ್ಲಿ. ಅದನ್ನು ಕಲಿತದ್ದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಮೊದಲ ಮಹಾಯುದ್ಧ ಬಂದಾಗ ನೌಕಾಪಡೆಯ ಹುಡ್ ಬೆಟಾಲಿಯನ್ ಸೇರಿದ. ಕವಿ ರೂಪರ್ಟ್ ಬ್ರೂಕ್ ಅಲ್ಲಿ ಸ್ನೇಹಿತನಾದ. 1915ರ ಏಪ್ರಿಲ್ 23ರಂದು ಬ್ರೂಕ್ ತೀರಿಕೊಂಡ. ಆ ರಾತ್ರಿಯೇ ಗ್ರೀಸಿನ ಸ್ಕೈರಾಸ್ ದ್ವೀಪದ ಆಲಿವ್ ತೋಪಿನಲ್ಲಿ ಅವನನ್ನು ಮಣ್ಣು ಮಾಡಿದವರಲ್ಲಿ ಕೆಲಿಯೂ ಒಬ್ಬ. ಟರ್ಕಿಯ ಗಲಿಪೊಲಿ ಕದನದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದಾಗ ಗೆಳೆಯನಿಗಾಗಿ ತಂತಿವಾದ್ಯಗಳ ‘ಎಲಿಜಿ’ ಎಂಬ ಶೋಕಕೃತಿ ಬರೆದ. ಅದರಲ್ಲಿ ಸಮಾಧಿಯ ಮೇಲೆ ಬಾಗಿದ ಆಲಿವ್ ಎಲೆಗಳ ಮರ್ಮರ ಕೇಳುತ್ತದೆ. ನನ್ನ ಮಟ್ಟಿಗೆ ಆ ಚಿನ್ನದ ಪದಕಕ್ಕಿಂತ ಇದು ದೊಡ್ಡದು.

ದಾರಿಯಲ್ಲಿ ಆಂಕ್ರ್ ಸಿಕ್ಕಿತು. ನದಿಯೆಂದು ಹೆಸರು, ನೋಡಿದರೆ ತೊರೆ. ಎಂಟು ಹುಟ್ಟಿನ ದೋಣಿಯನ್ನು ಇದರಲ್ಲಿ ತಿರುಗಿಸಲೂ ಆಗದು. ಇದೇ ನೀರಿನ ಮೇಲ್ಭಾಗದ ಬೋಕೂರ್‌ನಲ್ಲಿ, 1916ರ ನವೆಂಬರ್ 13ರಂದು, ಜರ್ಮನ್ ಮಷಿನ್‌ಗನ್ ನೆಲೆಯ ಮೇಲೆ ನುಗ್ಗುವಾಗ ಕೆಲಿ ಸತ್ತ. ವಯಸ್ಸು 35.

ಮಾರ್ಟಿನ್ಸಾರ್ ಸ್ಮಶಾನದ ಗೇಟು ತೆಗೆದವನು ಹಾಗೇ ನಿಂತೆ. ಈ ಸೀಮೆಯ ಬ್ರಿಟಿಷ್ ಸೈನಿಕರ ಸಮಾಧಿಗಳಿಗೆ ಸಾಮಾನ್ಯವಾಗಿ ಬಿಳಿ ಕಲ್ಲು. ಇಲ್ಲಿ ಕೆಂಪು ಮರಳುಗಲ್ಲು. ಮಳೆಗೆ ನೆನೆದು ಕಲ್ಲು ಹಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಬೆರಳಿಗೆ ತಣ್ಣನೆಯ ನೀರು.

ನೀವು ಹೋಗುವುದಾದರೆ ರೈಲಿನಲ್ಲೇ ಆ ‘ಎಲಿಜಿ’ಯನ್ನು ಒಮ್ಮೆ ಕೇಳಿಕೊಳ್ಳಿ. ಮತ್ತೆ, ಗಟ್ಟಿ ಶೂ ಹಾಕಿಕೊಂಡು ಹೋಗಿ.